ತಮ್ಮನ ಪ್ಲೇಟು

ಆಸ್ಪತ್ರೆಯ ಪ್ರಯೋಗಾಲಯದ ಡಾಕ್ಟರಮ್ಮನಿಗೆ ಬೆನ್ನ ಹಿಂದೆ ‘ನಾಳೆ ಬಾ ಮೇಡಂ’ ಎಂದೇ ಹೆಸರು. ರೋಗಾಣು ಪೂರ್ತಿ ಬಾಯಿ ಬಿಡುವ ತನಕ ಆಕೆ ರಿಪೋರ್ಟಿಗೆ ಸಹಿ ಹಾಕುವವಳಲ್ಲ. ಎಂಥ ದೊಡ್ಡ ಸರ್ಜನ್ ಬಂದು ಬಾಗಿಲಲ್ಲಿ ಕಾಲು ಕುಟ್ಟಿದರೂ ಅಷ್ಟೇ. ಈ ಸಲ ಮಾತ್ರ ಆ ತಾಳ್ಮೆ ಆಕೆಗೇ ಕೈಕೊಟ್ಟಿತ್ತು. ಪರೀಕ್ಷೆಯ ಪ್ಲೇಟಿನಲ್ಲಿದ್ದದ್ದು ಸ್ವಂತ ತಮ್ಮನ ಕೈಯಿಂದ ತೆಗೆದ ರೋಗಾಣು.

ತಮ್ಮನದು ತಂತಿ ವಾದ್ಯಗಳನ್ನು ರಿಪೇರಿ ಮಾಡಿ ಶ್ರುತಿ ಕೂಡಿಸುವ ಕಸುಬು. ಮನೆಯವರಿಗೆಲ್ಲ ಅವನು ಕಿವಿರಾಯ. ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದಕ್ಕೆ ಜಗಲಿಯಿಂದ ಉತ್ತರ ಕೊಡುವ ಆಸಾಮಿ. ಹಳೆಯ ತಂತಿಯೊಂದು ಕಿತ್ತು ಮುಂಗೈಗೆ ಚುಚ್ಚಿದಾಗ ನಲ್ಲಿ ನೀರಲ್ಲಿ ತೊಳೆದು ಸುಮ್ಮನಾಗಿದ್ದ. ಗಾಯ ಮಾಯಲೇ ಇಲ್ಲ. ಒಂದು ಕಡೆ ಒಣಗಿದರೆ ಇನ್ನೊಂದು ಕಡೆ ಕೀವು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಕ್ಷಯರೋಗಾಣುವಿನ ದಾಯಾದಿ. ನೀರಲ್ಲಿ, ಮಣ್ಣಲ್ಲಿ ಹಾಯಾಗಿ ಬದುಕುವ ಪ್ರಾಣಿ, ಕ್ಷಯದ ಮಾತ್ರೆಗಳಿಗೆ ಕ್ಯಾರೇ ಅನ್ನುವುದಿಲ್ಲ.

ಸರ್ಜನ್ ಗಾಯ ಶುಚಿ ಮಾಡಿ, ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು. “ಒಂದು ಮಾತ್ರೆ ಇದೆ. ಅದಕ್ಕೆ ಈ ರೋಗಾಣು ಬಗ್ಗಿದ್ರೆ, ಜೊತೆಗೆ ಇನ್ನೊಂದು ಮಾತ್ರೆ ಸೇರಿಸಿ ವಾಸಿ ಮಾಡ್ತೀವಿ. ಬಗ್ಗದಿದ್ರೆ ತಿಂಗಳುಗಟ್ಟಲೆ ಇಂಜೆಕ್ಷನ್. ಅದರಿಂದ ಕಿವಿ ಹೋಗೋ ಅಪಾಯ ಇದೆ.”

ಪ್ಲೇಟು ಎಂದರೆ ಮುಚ್ಚಳವಿರುವ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಪುಟ್ಟ ಪುಟ್ಟ ಕುಳಿಗಳು. ಕುಳಿಗಳಲ್ಲಿ ಔಷಧಿ ಬೆರೆಸಿದ ನೀರು ಹಾಕಿ ರೋಗಾಣು ಬಿಡುತ್ತಾರೆ. ಔಷಧಿ ಗೆದ್ದರೆ ನೀರು ತಿಳಿ, ರೋಗಾಣು ಗೆದ್ದರೆ ಮಸುಕು. ಮೊದಲ ಕೆಲವು ದಿನ ಆ ಮಾತ್ರೆಯ ಕುಳಿಗಳು ತಿಳಿಯಾಗಿಯೇ ಇದ್ದವು.

“ಹಾಗಾದ್ರೆ ಸಹಿ ಹಾಕಕ್ಕ!” ಎಂದು, ಸುದ್ದಿ ಕೇಳಿದ ತಮ್ಮ ಫೋನಿನಲ್ಲೇ ಕುಣಿದ.

“ತಡಿಯೋ. ಈ ಜಾತೀಲಿ ಕೆಲವು ಮಹಾ ಕಳ್ಳ. ಮೊದಲು ಸೋತ ಹಾಗೆ ನಾಟಕ ಆಡ್ತಾವೆ. ಔಷಧಿ ಜೊತೆ ಇದ್ದೂ ಇದ್ದೂ ಅದನ್ನ ಎದುರಿಸೋದು ಕಲ್ತುಬಿಡ್ತಾವೆ. ಎರಡು ವಾರ ಕಾಯ್ಲೇಬೇಕು.”

“ಎರಡು ವಾರಾನಾ? ನಿನ್ನ ಮದುವೆ ಮಾತುಕತೇನೂ ಇಷ್ಟು ಎಳೀಲಿಲ್ವಲ್ಲೇ!”

“ಬಾಯಿ ಮುಚ್ಚು. ಕೈ ನೆನೆಸ್ಬೇಡ.”

ಬೈದು ಫೋನಿಟ್ಟವಳೇ ಕ್ಯಾಲೆಂಡರಿನಲ್ಲಿ ಉಳಿದ ದಿನ ಎಣಿಸಿದಳು. ಕೈ ಕೈಕೊಟ್ಟರೂ ಅವನು ಹೇಗೋ ಬದುಕಿಯಾನು. ಕಿವಿ ಹೋದರೆ ಅವನು ಅವನಾಗಿ ಉಳಿಯುವುದಿಲ್ಲ. ಹೆದರಿಕೆ ಅದೊಂದೇ.

ಕೊನೆಯ ದಿನ ಬೆಳಿಗ್ಗೆ ಚಪ್ಪಲಿ ಬದಲಿಸುವುದನ್ನೂ ಮರೆತು ಪ್ರಯೋಗಾಲಯಕ್ಕೆ ನುಗ್ಗಿದಳು. ಬೆಚ್ಚಗಿನ ಪೆಟ್ಟಿಗೆಯಿಂದ ಪ್ಲೇಟು ತೆಗೆದು, ಏಸಿಯ ಕೆಳಗಿನ ಮೇಜಿನ ಮೇಲಿಟ್ಟು, ದೀಪ ಹಾಕಿ ಬಗ್ಗಿ ನೋಡಿದಳು. ಕುಳಿಗಳು ಮಸುಕು.

ಸ್ಟೂಲಿನ ಮೇಲೆ ಕುಸಿದು, ಕೈಗವಸಿನಲ್ಲೇ ಮುಖ ಒರೆಸಿಕೊಳ್ಳಲು ಹೋಗಿ ನಿಲ್ಲಿಸಿ, ಮಕ್ಕಳ ಹಾಗೆ ಅತ್ತಳು. ಪಕ್ಕದ ಮೇಜಿನ ಡಾಕ್ಟರು, ಓದುವ ಕಾಲದ ಗೆಳತಿ, ಓಡಿಬಂದಳು.

“ಏನಾಯ್ತೇ?”

“ಎಲ್ಲಾ ಮಸುಕಾಗಿದೆ ಕಣೇ. ಎಲ್ಲಾ...”

ಗೆಳತಿ ಬಗ್ಗಿದಳು. “ಎಲ್ಲಾ ಅಂದ್ರೆ? ರೋಗಾಣುನೇ ಹಾಕದೆ ಬರೀ ನೀರು ಬಿಟ್ಟಿರೋ ಕುಳೀನೂ ಮಸುಕಾಗಿದೆಯಲ್ಲೇ. ಅದರಲ್ಲೇನು ಬೆಳೆಯತ್ತೆ, ನಿನ್ನ ತಲೆ?”

ಡಾಕ್ಟರಮ್ಮ ಅಳು ನಿಲ್ಲಿಸಿ ಮುಚ್ಚಳ ನೋಡಿದಳು. ಬೆಚ್ಚಗಿದ್ದ ಪ್ಲೇಟು ಚಳಿಗೆ ಬಂದದ್ದೇ ಮುಚ್ಚಳದ ಒಳಗೆಲ್ಲ ಆವಿ ಕಟ್ಟಿತ್ತು, ಮಸುಕೆಲ್ಲ ಅದರದೇ. ಹೊರಗೆ ತೆಗೆದ ಪ್ಲೇಟನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು, ಆತುರ ಪಡಬಾರದು ಎಂದು ವರ್ಷಗಟ್ಟಲೆ ಕಂಡಕಂಡವರಿಗೆ ಪಾಠ ಹೇಳಿದವಳು ಆಕೆಯೇ. ನಾಚಿಕೆಯೂ ನಗುವೂ ಒಟ್ಟಿಗೇ ಉಕ್ಕಿ ಬಂದವು. ಇಬ್ಬರೂ ಮೇಜು ಹಿಡಿದುಕೊಂಡು ನಕ್ಕರು.

ಆವಿ ಇಳಿಯುವ ತನಕ ಗೆಳತಿ ಆಕೆಯ ಎರಡೂ ಕೈ ಬಿಗಿಯಾಗಿ ಹಿಡಿದು ಕೂತಿದ್ದಳು.

“ನೀನೇ ಓದು. ನನ್ನ ಕಣ್ಣನ್ನ ಇವತ್ತು ನಂಬೋ ಹಾಗಿಲ್ಲ” ಎಂದಳು ಡಾಕ್ಟರಮ್ಮ.

ಗೆಳತಿ ಒಂದೊಂದೇ ಕುಳಿ ನೋಡಿದಳು. ಔಷಧಿಯಿಲ್ಲದ ಕುಳಿಯಲ್ಲಿ ರೋಗಾಣು ಕೊಬ್ಬಿ ಬೆಳೆದಿತ್ತು. ಮಾತ್ರೆಯ ಸಾಲು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು.

“ಬಗ್ಗಿದೆ ಕಣೇ. ಪೂರ್ತಿ ಬಗ್ಗಿದೆ!”

ಡಾಕ್ಟರಮ್ಮ ತಾನೂ ಒಮ್ಮೆ ನೋಡಿ, ಸಹಿ ಹಾಕಿ, ತಮ್ಮನಿಗೆ ಫೋನು ಒತ್ತಿದಳು.

“ಮಾತ್ರೇಲೇ ವಾಸಿ ಆಗತ್ತೆ ಕಣೋ. ಇಂಜೆಕ್ಷನ್ ಬೇಡ.”

ಆ ಕಡೆ ಅವನು ಧಪ್ಪನೆ ಕೂತ ಸದ್ದು ಕೇಳಿತು. ಇಷ್ಟು ದಿನ ತಮಾಷೆ ಮಾಡುತ್ತಿದ್ದವನು ಎಷ್ಟು ಹೆದರಿದ್ದನೆಂದು ಆಕೆಗೆ ಆಗಲೇ ಗೊತ್ತಾದದ್ದು.

“ಇನ್ನೊಂದ್ಸಲ ಹೇಳಕ್ಕ” ಎಂದ.

“ಯಾಕೋ, ಕೇಳಿಸ್ಲಿಲ್ವಾ?”

“ಕೇಳಿಸ್ತು. ಮತ್ತೆ ಕೇಳ್ಬೇಕು.”

ಅಕ್ಕ ಮತ್ತೆ ಹೇಳಿದಳು.