ಎಬ್ಬಿಯ ತಟ್ಟೆ

ಸೋಮವಾರ ಬೆಳಿಗ್ಗೆ ಈಜುಕೊಳದ ನೆಲ ಒರೆಸುತ್ತಿದ್ದೆ, ರಾಜಧಾನಿ ರೇಕ್ಯಾವಿಕ್‌ನಿಂದ ದಾಗ್ನಿಯ ಫೋನು ಬಂತು. ದಾಗ್ನಿ ಪ್ರಕಾಶನದ ಸಂಪಾದಕಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಆದರೂ ಅವಳ ದನಿ ಕೇಳಿದರೆ ನಾನು ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ನಿಲ್ಲುತ್ತೇನೆ.

"ಏದೀಸ್, ಒಂಬತ್ತನೇ ಅಧ್ಯಾಯ ಆದ್ಮೇಲೆ ಏನೋ ಬಿಟ್ಟುಹೋಗಿದೆ. ಗಂಡನ ದೋಣಿ ವಾಪಸ್ ಬರಲ್ಲ. ಪುಟ ತಿರುಗಿಸಿದ್ರೆ ಅವಳು ಆಗ್ಲೇ ಮೀನಿನ ಕಾರ್ಖಾನೇಲಿ ಕೆಲಸಕ್ಕೆ ಸೇರಿಬಿಟ್ಟಿದಾಳೆ. ನಡುವೆ ಏನೋ ಇತ್ತು, ನೀನು ತೆಗೆದಿದೀಯ. ಹೌದಾ?"

"ಇಲ್ಲಮ್ಮ, ನಾನ್ಯಾಕೆ ತೆಗೀಲಿ?" ಎಂದೆ.

"ಹಾಗಾದ್ರೆ ಬರಿ. ಶುಕ್ರವಾರ ಅಚ್ಚಿಗೆ ಕಳಿಸ್ಬೇಕು. ಆ ಜಾಗ ತುಂಬದಿದ್ರೆ ಈ ಕ್ರಿಸ್‌ಮಸ್‌ಗೆ ಆಗಲ್ಲ. ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ನೋಡೋಣ ಅಂದರೆ ಏನರ್ಥ ಅಂತ ನನಗೆ ಗೊತ್ತಿಲ್ಲವೇ? ನಮ್ಮಲ್ಲಿ ಪುಸ್ತಕ ಮಾರಾಟವಾಗುವುದೇ ಕ್ರಿಸ್‌ಮಸ್ ಉಡುಗೊರೆಯಾಗಿ. ನಲವತ್ತೆಂಟನೇ ವಯಸ್ಸಿಗೆ ಮೊದಲ ಕಾದಂಬರಿ ಬರೆದವಳನ್ನು ಯಾರೂ ವರ್ಷಗಟ್ಟಲೆ ನೆನಪಿಟ್ಟುಕೊಂಡು ಕೂರುವುದಿಲ್ಲ. ಆರು ವರ್ಷ, ಕೆಲಸಕ್ಕೆ ಹೋಗುವ ಮುಂಚೆ ಎದ್ದು, ಗಂಡ ತೋರ್ವಿಯ ಗೊಣಗಾಟ ಕೇಳುತ್ತಾ ಬರೆದದ್ದು. ಎಲ್ಲ ನೀರುಪಾಲು.

ದಾಗ್ನಿಗೆ ಸುಳ್ಳು ಹೇಳಿದ್ದೆ. ಆ ಅಧ್ಯಾಯ ಇತ್ತು. ನಾನೇ ತೆಗೆದು ಲ್ಯಾಪ್‌ಟಾಪಿನಲ್ಲಿ ಬೇರೆ ಕಡತ ಮಾಡಿ ಅಡಗಿಸಿಟ್ಟಿದ್ದೆ.

ಅದು ನನ್ನ ಸೋದರತ್ತೆ ಪೆತ್ರೀನಾಳ ಕಥೆ. ನನಗೆ ಎಂಟು ವರ್ಷವಾಗಿದ್ದಾಗ, ಅಮ್ಮ ಆಸ್ಪತ್ರೆಯಲ್ಲಿದ್ದರಿಂದ ನಾನು ಅವಳ ಮನೆಯಲ್ಲಿದ್ದೆ. ಆಗಲೇ ಅವಳ ಗಂಡ ಎಬ್ಬಿಯ ದೋಣಿ ಕಡಲಿಗೆ ಹೋಗಿ ಮರಳಲಿಲ್ಲ. ಹನ್ನೊಂದು ದಿನ, ಪ್ರತಿ ಸಂಜೆ, ಪೆತ್ರೀನಾ ಎಬ್ಬಿಯ ಜಾಗದಲ್ಲಿ ತಟ್ಟೆ ಇಟ್ಟು ಮೀನು, ಆಲೂಗಡ್ಡೆ ಬಡಿಸಿದಳು. ಎದುರು ಕೂತು ನೋಡಿದಳು. ಆಮೇಲೆ ಅದನ್ನು ಎತ್ತಿ ಹೊರಗೆ ಚೆಲ್ಲಿದಳು. ಕಣ್ಣಾರೆ ನೋಡಿದವಳು ನಾನೊಬ್ಬಳೇ. ಶಾಲೆಯಲ್ಲಿ ಬಾಯಿಬಿಟ್ಟವಳೂ ನಾನೇ. ಎರಡೇ ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಪೆತ್ರೀನಾ ನನ್ನನ್ನು ಒಂದು ಮಾತು ಬೈಯಲಿಲ್ಲ, ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. ಈಗ ಅದನ್ನೇ ಅಚ್ಚು ಹಾಕಿಸಿ, ಕ್ರಿಸ್‌ಮಸ್ ಉಡುಗೊರೆ ಅಂತ ಮನೆಮನೆಗೆ ಹಂಚಿಸಲೇ? ಯಾವ ಮುಖ ಹೊತ್ತುಕೊಂಡು?

ಹೊಸದಾಗಿ ಏನಾದರೂ ಬರೆಯೋಣವೆಂದು ಕೂತೆ. ಸೋಮವಾರ ಬರೆದದ್ದರಲ್ಲಿ ನನ್ನ ಕಥೆಯ ಹೆಂಗಸು ಪಾದ್ರಿಯ ಹತ್ತಿರ ಹೋದಳು. ಮಂಗಳವಾರದ್ದರಲ್ಲಿ ಕನಸು ಕಂಡಳು. ಎರಡೂ ಹಳಸಲು. ನಡುವೆ ಎದ್ದು ಫ್ರಿಜ್ಜು ತೆಗೆಯುವುದು, ಮುಚ್ಚುವುದು, ಕಿಟಕಿಗೆ ಹೋಗುವುದು, ಬರುವುದು.

"ಒಂದ್ಕಡೆ ಕೂತ್ಕೊಳೇ ಮಾರಾಯ್ತಿ! ನೋಡಿ ನೋಡಿ ನಂಗೆ ತಲೆ ತಿರುಗ್ತಿದೆ" ಎಂದ ತೋರ್ವಿ.

ಬುಧವಾರ ತಡೆಯಲಾರದೆ, ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಕೂತಿದ್ದವರನ್ನೇ ಕೇಳಿದೆ. ನಮ್ಮೂರಿನ ವಿಮರ್ಶಕರೆಲ್ಲ ದಿನಾ ಬೆಳಿಗ್ಗೆ ಅಲ್ಲೇ ಕುತ್ತಿಗೆವರೆಗೆ ಮುಳುಗಿರುತ್ತಾರೆ. ಹೆಡ್‌ಮಾಸ್ಟರ್ ಕೋಲ್ಬೆಯ್ನ್ ಎರಡು ಕವನ ಸಂಕಲನ ತಂದವನು. ಬಂದರಿನ ಕ್ರೇನ್ ಓಡಿಸುವ ಹಾವ್ಲಿದಿ ತನ್ನ ಅಜ್ಜನ ಜೀವನಚರಿತ್ರೆ ಬರೆದವನು. ಇಬ್ಬರೂ ನನ್ನ ಹಸ್ತಪ್ರತಿ ಓದಿದ್ದರು. ಹವಾಮಾನ ಸಾಲದು ಅಂತ ಕೋಲ್ಬೆಯ್ನ್ ಅಂದನೆಂದು ಹನ್ನೆರಡು ಪುಟ ಗಾಳಿ, ಹಿಮ ತುರುಕಿದ್ದೆ. ದೋಣಿಯ ಇಂಜಿನ್ ತಪ್ಪು ಅಂತ ಹಾವ್ಲಿದಿ ಅಂದನೆಂದು ಮೂರು ಸಲ ಇಂಜಿನ್ ಬದಲಿಸಿದ್ದೆ. ಯಾರು ಏನೆಂದರೂ ಹೂಂ ಅನ್ನುವ ದರಿದ್ರ ಬುದ್ಧಿ ನನ್ನದು. ಬರೆದವಳು ನಾನೆಂಬ ಧೈರ್ಯವೇ ಇಲ್ಲ.

"ಗಂಡ ಕಡಲಿಂದ ವಾಪಸ್ ಬರ್ಲಿಲ್ಲ ಅಂದ್ರೆ ಹೆಂಡ್ತಿ ಏನ್ಮಾಡ್ತಾಳೆ?" ಎಂದು ಕೇಳಿದೆ.

"ಏನ್ಮಾಡ್ತಾಳೆ, ಕಾಯ್ತಾಳೆ!" ಎಂದ ಕೋಲ್ಬೆಯ್ನ್. "ನಿಮ್ಮ ಪೆತ್ರೀನಾನ್ನೇ ನೋಡು. ಹನ್ನೊಂದು ದಿನ ಎಬ್ಬಿಗೆ ತಟ್ಟೆ ಇಟ್ಲಲ್ಲ, ಎಂಥಾ ಪ್ರೀತಿ! ನಾನು ಅದರ ಮೇಲೆ ಒಂದು ಪದ್ಯಾನೇ ಬರ್ದಿದೀನಿ."

"ಪದ್ಯ ಯಾರೂ ಓದಲ್ಲ, ಅದಕ್ಕೆ ನೀನು ಬಚಾವು" ಎಂದು ಹಾವ್ಲಿದಿ ನಕ್ಕ. "ಏದೀಸ್, ನೀನು ಅದನ್ನ ಕಾದಂಬರೀಲಿ ಬರೆದ್ಯೋ, ಪೆತ್ರೀನಾ ನಿನ್ನ ಕತ್ತು ಹಿಚುಕ್ತಾಳೆ."

ಇವರ ಬಾಯಲ್ಲಿ ಆ ತಟ್ಟೆ ಮತ್ತೆ ಬಂದದ್ದು ಕೇಳಿ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಅದನ್ನು ಊರಿನ ಬಾಯಿಗೆ ಕೊಟ್ಟವಳು ನಾನೇ ತಾನೇ.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಲ್ಯಾಪ್‌ಟಾಪ್ ಕಂಕುಳಲ್ಲಿ ಹಿಡಿದು ಪೆತ್ರೀನಾಳ ಅಡುಗೆಮನೆಗೆ ಹೋದೆ. ಅವಳಿಗೀಗ ಎಪ್ಪತ್ನಾಲ್ಕು. ಕಿಟಕಿಯ ಪಕ್ಕ ಕೂತು, ಪಕ್ಕದ ಮನೆಯವಳಿಗೆಂದು ಉಣ್ಣೆಯ ಸ್ವೆಟರಿನ ತೋಳು ಹೆಣೆಯುತ್ತಿದ್ದಳು. ಒಂದು ತೋಳು ಮುಗಿದು ಮೇಜಿನ ಮೇಲಿತ್ತು.

"ಬಾ. ಮುಖ ಯಾಕೆ ಹಾಗಿದೆ? ತೋರ್ವಿ ಏನಾದ್ರೂ ಅಂದನಾ?"

"ಇಲ್ಲ. ಒಂಚೂರು ಓದಿ ಹೇಳ್ಬೇಕು ನಿಂಗೆ."

"ಓದು. ನಮ್ಮಜ್ಜಿ ಮನೇಲಿ ಒಬ್ರು ಓದ್ತಿದ್ರು, ಮಿಕ್ಕೋರೆಲ್ಲ ಹೆಣೀತಿದ್ರು. ನಂಗೆ ಅಭ್ಯಾಸ ಇದೆ."

ನಾನೋ ಪುಕ್ಕಲಿ. ಮೊದಲು ಪಾದ್ರಿಯ ಹತ್ತಿರ ಹೋಗುವ ಅಧ್ಯಾಯವನ್ನೇ ಓದಿದೆ. ಪೆತ್ರೀನಾ ಕೇಳುತ್ತಲೇ ಹೆಣಿಗೆಯ ಕುಣಿಕೆ ಎಣಿಸಿದಳು, ನಡುವೆ ಎದ್ದು ಕಾಫಿ ಬಗ್ಗಿಸಿದಳು, ಬೀದಿಯಲ್ಲಿ ಹೋದ ಕಾರು ಯಾರದ್ದೆಂದು ಬಗ್ಗಿ ನೋಡಿದಳು.

"ಚೆನ್ನಾಗಿದೆ" ಎಂದಳು ಕೊನೆಗೆ. "ಪಾದ್ರಿ ಒಳ್ಳೆ ಮನುಷ್ಯ."

ಅವಳಿಗೆ ಅದು ತಾಗಲೇ ಇಲ್ಲವೆಂದು ನನಗೆ ಅಳು ಬಂತು. ಪರದೆಗೆ ಕಣ್ಣು ನೆಟ್ಟು, "ಇನ್ನೊಂದಿದೆ" ಎಂದವಳೇ ತಟ್ಟೆಯ ಅಧ್ಯಾಯ ಶುರುಮಾಡಿದೆ. ತಲೆ ಎತ್ತಲಿಲ್ಲ. ಸೂಜಿಗಳ ಸದ್ದು ಮಾತ್ರ ಒಂದೇ ಸಮನೆ ಕೇಳುತ್ತಿತ್ತು. ಎಣಿಕೆ ಇಲ್ಲ, ಕೆಮ್ಮಿಲ್ಲ. ಬೀದಿಯಲ್ಲಿ ಎರಡು ಕಾರು ಹೋದವು, ಅವಳು ಅಲುಗಲಿಲ್ಲ. ನನ್ನ ಹೆಂಗಸು ಬಾಗಿಲ ಕಡೆ ಕಿವಿಗೊಟ್ಟು, ಬಂದೇ ಬರುತ್ತಾನೆಂಬ ಆಸೆಯಿಂದ ತಟ್ಟೆ ತುಂಬಿಸುವಲ್ಲಿಗೆ ಅಧ್ಯಾಯ ಮುಗಿಯಿತು.

ಸೂಜಿಗಳು ನಿಂತವು. ಪೆತ್ರೀನಾ ಕೈಯಲ್ಲಿದ್ದ ತೋಳನ್ನು ಮುಗಿದ ತೋಳಿನ ಪಕ್ಕ ಹಾಸಿದಳು. ಹೊಸದು ಅದಕ್ಕಿಂತ ಒಂದು ಗೇಣು ಉದ್ದವಾಗಿಬಿಟ್ಟಿತ್ತು.

"ಥೂ ಇದರ" ಎಂದಳು. "ಎಲ್ಲಿ ನಿಲ್ಲಿಸ್ಬೇಕೋ ಗೊತ್ತೇ ಆಗ್ಲಿಲ್ಲ ನೋಡು. ಐವತ್ತು ವರ್ಷ ಆಯ್ತು ಹೆಣೀತಾ, ಹೀಗೆ ಆಗಿರ್ಲಿಲ್ಲ."

"ಪೆತ್ರೀನಾ, ನಾನು..."

"ಸುಮ್ನಿರು." ಅವಳು ತೋಳನ್ನು ಮಡಿಲಿಗೆ ಎಳೆದುಕೊಂಡಳು. "ಎಲ್ಲ ಸರಿಯಾಗೇ ನೋಡಿದೀಯ. ಕುರ್ಚಿ, ಆಲೂಗಡ್ಡೆ, ನನ್ನ ನೀಲಿ ಅಂಗಿ. ಒಂದು ಮಾತ್ರ ಸುಳ್ಳು ಬರ್ದಿದೀಯ."

"ಯಾವುದು?"

"ಆಸೆ."

ನಾನು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದೆ.

"ಎಂಥಾ ಆಸೆ ಕಣೆ? ಮೊದಲ್ನೇ ರಾತ್ರೀನೇ ಗೊತ್ತಿತ್ತು ನಂಗೆ, ಅವನು ಬರಲ್ಲ ಅಂತ. ಆವತ್ತು ಬೆಳಿಗ್ಗೆ, ನೀನು ಏಳೋ ಮುಂಚೆ, ಜಗಳ ಆಗಿತ್ತು. ಈ ದೋಣಿ ಮಾರು, ಇಲ್ಲಿಂದ ಹೋಗೋಣ ಅಂದೆ. ಬಡಿಸಿದ ತಟ್ಟೆ ತಳ್ಳಿ, ನಿನ್ನ ಅಡುಗೆ ನಂಗೆ ಬೇಡ ಅಂತ ಎದ್ದುಹೋದ. ಹವಾ ಚೆನ್ನಾಗಿರ್ಲಿಲ್ಲ, ಬೇರೆ ಯಾರೂ ಹೊರಟಿರ್ಲಿಲ್ಲ. ನನ್ನ ಮೇಲಿನ ಹಟಕ್ಕೆ ಹೋದ. ನಂಗೆ ಎಷ್ಟು ಸಿಟ್ಟು ಅಂತೀಯ! ದಿನಾ ತಟ್ಟೆ ಇಟ್ಟು ಮನಸ್ಸಲ್ಲೇ ಹೇಳ್ತಿದ್ದೆ, ತಿನ್ನು, ಬೇಡ ಅಂದ್ಯಲ್ಲ, ಈಗ ತಿನ್ನು ಬಾ. ಹನ್ನೆರಡನೇ ದಿನ ಸಿಟ್ಟು ಖಾಲಿ ಆಯ್ತು. ಆಮೇಲೆ ಅತ್ತಿದ್ದು ನಾನು."

ನಲವತ್ತು ವರ್ಷ ನಾನು ಆ ಕುರ್ಚಿಯನ್ನು ನೆನೆದು ಮರುಗಿದ್ದೆ. ಕೋಲ್ಬೆಯ್ನ್ ಪದ್ಯ ಹೊಸೆದಿದ್ದ. ಎಲ್ಲರೂ ತಪ್ಪು.

"ಮತ್ತೆ ಯಾರಿಗೂ ಹೇಳ್ಲಿಲ್ವಲ್ಲ ನೀನು?"

"ಯಾರು ಕೇಳಿದ್ರು? ಅಂಗಡಿಗೆ ಹೋದ್ರೆ ಸಾಕು, ಪಾಪ, ಎಂಥಾ ಹೆಂಡ್ತಿ ಅಂತ ದಾರಿ ಬಿಡೋರು. ಅವರಿಗೆ ಏನಂತ ಹೇಳ್ಲಿ? ಹಾಗೇ ಇದ್ದುಬಿಟ್ಟೆ. ಆದ್ರೆ ಸಾಕಾಗಿಹೋಗಿದೆ ಏದೀಸ್. ದೇವರಾಣೆ ಸಾಕಾಗಿದೆ."

"ಬರೀಲಾ ಹಾಗಾದ್ರೆ? ಸಿಟ್ಟು ಅಂತಾನೇ?"

"ತಟ್ಟೆ ಕೇಳದೇ ಎತ್ಕೊಂಡು ಹೋದೋಳು, ಈಗ ಊಟಕ್ಕೆ ಅಪ್ಪಣೆ ಕೇಳ್ತಾಳೆ ನೋಡು" ಎಂದು ನಕ್ಕಳು. ಕಣ್ಣು ಒದ್ದೆಯಾಗಿತ್ತು. "ಇಲ್ಲೇ ಕೂತು ಬರಿ. ಬರೀಬೇಕಂದ್ರೆ ನೆಟ್ಟಗೆ ಬರಿ."

ಅಲ್ಲೇ ಬರೆದೆ. ಆ ಹನ್ನೊಂದು ದಿನಗಳು ಹಾಗೇ ಇದ್ದವು, ತಟ್ಟೆಯೂ ಆಲೂಗಡ್ಡೆಯೂ ಅಲ್ಲೇ ಇದ್ದವು. ಬಾಗಿಲಿಗೆ ಕಿವಿಗೊಟ್ಟಿದ್ದನ್ನು ಹೊಡೆದುಹಾಕಿದೆ. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿಸಿದೆ. ಆ ಒಂದು ಸದ್ದು ಬಂದದ್ದೇ ತಡ, ಹೆಂಗಸು ತಾನಾಗಿ ನಡೆದಾಡತೊಡಗಿದಳು. ಆರು ವರ್ಷದಲ್ಲಿ ಮೊದಲ ಸಲ ನಾನು ಫ್ರಿಜ್ಜಿಗೂ ಕಿಟಕಿಗೂ ಎದ್ದುಹೋಗಲಿಲ್ಲ. ಪೆತ್ರೀನಾ ಎದುರಿಗೆ ಕೂತು, ಹೆಚ್ಚಾದ ಗೇಣುದ್ದ ಬಿಚ್ಚಿ ನೂಲನ್ನು ಉಂಡೆ ಸುತ್ತುತ್ತಿದ್ದಳು.

ಆರು ಗಂಟೆಗೆ ಮುಗಿಯಿತು. ಜೋರಾಗಿ ಓದಿದೆ. ಅವಳು ಒಂದೇ ಒಂದು ಸಲ, "ಹೂಂ" ಎಂದಳು. ಕಡತವನ್ನು ದಾಗ್ನಿಯ ಇಮೇಲಿಗೆ ಸೇರಿಸಿದೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟೇ, ಹಳೇ ಚಾಳಿ ಎದ್ದು ಕೂತಿತು.

"ನಾಳೆ ಬೆಳಿಗ್ಗೆವರೆಗೂ ಸಮಯ ಇದೆ. ಇನ್ನೊಬ್ರಿಗೆ ಒಂದ್ಸಲ ತೋರಿಸ್ಲಾ? ಸರಿ ಇದೆಯಾ ಅಂತ?"

ಪೆತ್ರೀನಾ ಉಂಡೆಯನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದಳು.

"ಯಾರಿಗೆ ತೋರಿಸ್ತೀಯ? ಆವತ್ತು ಮನೇಲಿದ್ದೋರು ನಾವಿಬ್ರೇ."

ಗುಂಡಿ ಒತ್ತಿದೆ.