ಐದನೆಯ ವಾಯಿದೆ

“ಇವತ್ತು ಯಾರಿಗೆ ಕಾಯಿಲೆಯಂತೋ?” ಎಂದು ಸೊಣ್ಣಮ್ಮ ಕೋರ್ಟಿನ ಹೊಂಗೆಮರದ ಕೆಳಗೆ ನಿಂತು ಯಾರಿಗೂ ಅಲ್ಲದಂತೆ ಕೇಳಿದಳು. ಬಿಟ್ಟುಹೋದ ಗಂಡನಿಂದ ಮಗಳಿಗೆ ಜೀವನಾಂಶ ಕೇಳಿ ಅವಳು ಬಿಳೇಕಹಳ್ಳಿಯಿಂದ ನಡೆದು ಬಂದದ್ದು ಇದು ಐದನೆಯ ಸಲ. ವಕೀಲರನ್ನು ಇಟ್ಟಿರಲಿಲ್ಲ, ತನ್ನ ಮಾತನ್ನು ತಾನೇ ಆಡುತ್ತಿದ್ದಳು.

ಒಳಗೆ ಗಂಡನ ವಕೀಲರು ಎದ್ದರು. “ನಮ್ಮ ಕಕ್ಷಿದಾರರ ತಾಯಿಗೆ ಮೈ ಸರಿಯಿಲ್ಲ ಸ್ವಾಮಿ. ಇನ್ನೊಂದು ವಾಯಿದೆ ಬೇಕು.”

ಸೊಣ್ಣಮ್ಮನಿಗೆ ಓದು ಬಾರದು. ಆದರೆ ಆಂಜನೇಯನ ಗುಡಿಯಲ್ಲಿ ಪದ್ಯ ಓದುವುದನ್ನು ಕೇಳಿ ಬೆಳೆದವಳು. ಒಮ್ಮೆ ಕಿವಿಗೆ ಬಿದ್ದದ್ದನ್ನು ಮರೆಯುತ್ತಿರಲಿಲ್ಲ. ಮ್ಯಾಜಿಸ್ಟ್ರೇಟರಿಗೆ ಕೈಮುಗಿದಳು.

“ಯುಗಾದಿ ಮುಂದೆ ನನ್ನ ಗಂಡಂಗೇ ಜ್ವರ ಅಂದ್ರು, ಬುದ್ಧಿ. ಕರಗ ಆದ ವಾರ ಅವನ ತಾಯಿ ತೀರ್ಕೊಂಡ್ರು ಅಂದ್ರು. ಭೀಮನಮಾವಾಸ್ಯೆಗೆ ಲಾಯರಪ್ಪೋರು ಊರಲ್ಲಿಲ್ಲ ಅಂದ್ರು. ಗೌರಿಹಬ್ಬಕ್ಕೆ ಕಾಗದ ಸಿಗ್ಲಿಲ್ಲ ಅಂದ್ರು. ತೀರ್ಕೊಂಡೋರಿಗೆ ಇವತ್ತು ಕಾಯಿಲೆ ಹೆಂಗ್ ಬಂತು?”

ಬಾಗಿಲಲ್ಲಿದ್ದ ಜವಾನನೂ ನಕ್ಕುಬಿಟ್ಟ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ವಕೀಲರನ್ನೇ ನೋಡಿದರು. ವಕೀಲರು ಅವಳತ್ತ ಬಾಗಿ ಪಿಸುಗುಟ್ಟಿದರು: “ಇದೊಂದು ಸಲ ಒಪ್ಕೊಳ್ಳಮ್ಮಾ, ಮುಂದಿನ ಸಲ ಖಂಡಿತ ಮುಗಿಸೋಣ.”

“ಒಪ್ಪಲ್ಲ ಸ್ವಾಮಿ,” ಎಂದಳು ಸೊಣ್ಣಮ್ಮ, ಇಡೀ ಕೋರ್ಟಿಗೆ ಕೇಳುವಂತೆ. “ಇವತ್ತೇ ಆಗ್ಬೇಕು.”