ಉಪ್ಪಿನ ಬದಲಿಗೆ

ಅತ್ತೆಯ ಎರಡು ಮೂತ್ರಪಿಂಡಗಳೂ ಮುಕ್ಕಾಲು ಪಾಲು ಕೈಕೊಟ್ಟಿವೆ ಎಂದು ಡಾಕ್ಟರು ಹೇಳಿದಾಗ ಸೊಸೆಗೆ ದುಃಖವಾಗಲಿಲ್ಲ. ಪಥ್ಯದ ಪಟ್ಟಿ ಕೊಟ್ಟಾಗ ಮಾತ್ರ ಅವಳ ಕೈ ತಾನಾಗಿ ಮುಂದೆ ಹೋಯಿತು. ಉಪ್ಪು ತೀರ ಕಡಿಮೆ. ಕಾಲು ಬಾತಿರುವುದರಿಂದ ನೀರು ದಿನಕ್ಕೆ ಒಂದೇ ಲೀಟರು. ಬಾಳೆಹಣ್ಣು, ಕಿತ್ತಳೆ, ಟೊಮ್ಯಾಟೊ ಬೇಡ. ತರಕಾರಿಯನ್ನು ಹೆಚ್ಚಿ, ನೆನೆಸಿ, ಬೇಯಿಸಿ, ಬೆಂದ ನೀರನ್ನು ಚೆಲ್ಲಬೇಕು. ಅದರಲ್ಲಿರುವ ಪೊಟ್ಯಾಶಿಯಂ ಹೋಗಲಿ ಅಂತ. ಮೂತ್ರಪಿಂಡ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಏರುತ್ತದೆ, ಏರಿದರೆ ಹೃದಯ ಹೇಳದೆ ಕೇಳದೆ ನಿಲ್ಲಬಹುದು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಂಡರೆ ಡಯಾಲಿಸಿಸ್ಸನ್ನು ವರ್ಷಗಟ್ಟಲೆ ಮುಂದೂಡಬಹುದು ಎಂದರು ಡಾಕ್ಟರು.

ಹದಿನೆಂಟು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಒಂದು ದಿನ ಅಡುಗೆಗೆ ಉಪ್ಪು ಹೆಚ್ಚಾಗಿತ್ತು. ಮನೆ ತುಂಬ ನೆಂಟರು. ಅತ್ತೆ ಪಾತ್ರೆಯನ್ನೇ ಅವಳ ಮುಂದಿಟ್ಟು, ತಳ ಕಾಣುವವರೆಗೆ ತಿನ್ನಿಸಿದ್ದರು. ಅವಳು ನೀರಿಗೆ ಕೈ ಚಾಚಿದಾಗ ಲೋಟವನ್ನು ಆಚೆ ಸರಿಸಿ, "ಉಪ್ಪು ತಿಂದೋರು ನೀರು ಕುಡೀಲೇಬೇಕು ಅಂತಾರೆ. ಯಾವಾಗ ಅಂತ ನಾನು ಹೇಳ್ತೀನಿ," ಎಂದಿದ್ದರು. ನೆಂಟರು ನಕ್ಕಿದ್ದರು. ಗಂಡ ತನ್ನ ತಟ್ಟೆಯನ್ನೇ ನೋಡುತ್ತಿದ್ದ.

ಈಗ ಪಟ್ಟಿ ಅಡುಗೆಮನೆಯ ಗೋಡೆಗೇರಿತು. ಅದರಲ್ಲಿ ಇಲ್ಲದ ಒಂದು ಹರಳು ಉಪ್ಪೂ ಅತ್ತೆಯ ತಟ್ಟೆಗೆ ಬೀಳಲಿಲ್ಲ. ನೀರಿನ ಬಾಟಲಿಗೆ ಅವಳು ಗೆರೆ ಎಳೆದಿಟ್ಟಳು.

"ಏನೇ ಇದು, ಒದ್ದೆ ಬಟ್ಟೆ ಬೇಯಿಸಿ ಹಾಕಿದೀಯಾ?" ಎನ್ನುತ್ತಿದ್ದರು ಅತ್ತೆ.

"ಪಟ್ಟೀಲಿ ಇರೋದೇ ಅತ್ತೆ."

ಸೇಡಿಗೆ ಇಷ್ಟು ಒಳ್ಳೆಯ ಹೆಸರು ಸಿಗುತ್ತದೆಂದು ಅವಳು ಎಣಿಸಿರಲಿಲ್ಲ. ನಾಲ್ಕು ತಿಂಗಳ ನಂತರ ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡ ಸೋತಷ್ಟೂ ಏರುವ ಕ್ರಿಯಾಟಿನಿನ್ ಏರಿರಲಿಲ್ಲ. ನಿಮ್ಮ ಸೊಸೆ ಚಿನ್ನ ಎಂದು ಡಾಕ್ಟರು ಹೊಗಳಿದರು. ಅತ್ತೆಯ ಮುಖ ಹಾಗಲಕಾಯಿ ಕಚ್ಚಿದಂತಾಯಿತು.

ಆಮೇಲಿನ ವಾರ ನಾದಿನಿ ಬಂದಳು. ಅಮ್ಮನ ನಾಲಿಗೆಯನ್ನೇ ಸಾಯಿಸಿಬಿಟ್ಟಿರಿ ಅತ್ತಿಗೆ ಎಂದು ಚುಚ್ಚಿ, ಚೀಲದಿಂದ ಒಂದು ಡಬ್ಬಿ ತೆಗೆದಳು. ಕಡಿಮೆ ಸೋಡಿಯಂ ಉಪ್ಪು, ಬಿ.ಪಿ. ಇದ್ದವರಿಗೆಂದೇ ಮಾಡಿದ್ದಂತೆ. ಸೊಸೆಗೆ ಲೇಬಲ್ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಯಾವ ಡಬ್ಬಿ ಕೈಗೆ ಬಂದರೂ ಮೊದಲು ಹಿಂದೆ ತಿರುಗಿಸಿ ಓದುವುದು ಅವಳ ರೂಢಿ. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು: ಪೊಟ್ಯಾಶಿಯಂ ಕ್ಲೋರೈಡ್. ಅದರ ಕೆಳಗೆ: ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಬಳಸಬಾರದು.

ನಾಲ್ಕು ತಿಂಗಳು ತರಕಾರಿಯ ನೀರಿನೊಂದಿಗೆ ಚೆಲ್ಲಿದ್ದು ಈಗ ಚಮಚದಲ್ಲಿ ಒಳಗೆ ಬರುತ್ತಿತ್ತು.

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಸುಮ್ಮನಿದ್ದಳು. ತಂದದ್ದು ಮಗಳು, ಉದುರಿಸಿಕೊಳ್ಳುವುದು ತಾಯಿ. ನಡುವೆ ತಾನು ಯಾರು?

ಮೊದಲ ದಿನ ಅತ್ತೆ ಬೆರಳು ನೆಕ್ಕಿಕೊಂಡು ಉಂಡು, ಹೆತ್ತ ಕರುಳಿನ ಗುಣಗಾನ ಮಾಡಿದರು. ಎರಡನೆಯ ದಿನ ಕಾಲಲ್ಲಿ ಕಸುವಿಲ್ಲ ಎಂದರು. ಸೊಸೆ ಪ್ರೆಸ್ಸಿನಲ್ಲಿ ಒಂದೇ ಸಾಲನ್ನು ಹತ್ತು ಸಲ ಓದಿದಳು. ಎದುರಿಗಿದ್ದ ತಪ್ಪು ಕಣ್ಣಿಗೆ ಬೀಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕುಸಿದರು. ಡಬ್ಬಿಯ ಮುಚ್ಚಳ ತಿರುಗಿಸಲು ನೋಡಿದರು. ಬೆರಳು ಮಾತು ಕೇಳಲಿಲ್ಲ. ಡಬ್ಬಿಯನ್ನು ಅವಳತ್ತ ಚಾಚಿದರು.

"ತೆಗೆದು ಕೊಡೇ."

ಸುಮ್ಮನಿರುವುದು ಅವಳಿಗೆ ಹದಿನೆಂಟು ವರ್ಷದಿಂದ ಬಂದ ವಿದ್ಯೆ. ಮುಚ್ಚಳ ತೆಗೆಯುವುದು ಬೇರೆ ಕೆಲಸ. ಅವಳು ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಅದನ್ನು ತೆರೆಯದೆಯೇ ಆಂಬುಲೆನ್ಸಿಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು, ಇಂಜೆಕ್ಷನ್ ಕೊಟ್ಟರು, ಸೂಜಿ ಹಾಕಿ ಔಷಧಿ ಹರಿಸಿದರು. ಸಂಜೆಯ ಹೊತ್ತಿಗೆ ಪೊಟ್ಯಾಶಿಯಂ ಇಳಿಯಿತು. ಡಬ್ಬಿ ನೋಡಿ ಡಾಕ್ಟರು ಗದರಿದ್ದಕ್ಕೆ ನಾದಿನಿ ಅಳುತ್ತಾ ಹೊರಗೆ ಹೋದಳು. ವಾರ್ಡಿನಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು.

"ನೀನು ಅಕ್ಷರ ಓದೋಳು," ಎಂದರು ಅತ್ತೆ. "ನಿನಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು ಅತ್ತೆ."

"ನಾನಾಗಿದ್ರೆ ಮುಚ್ಚಳ ತೆಗೆದು ಕೊಡ್ತಿದ್ದೆ."

ಮಗಳಿಗೆ ಹೇಳುತ್ತೀರಾ ಎಂದು ಸೊಸೆ ಕೇಳಿದಳು.

"ಹೇಳಿದ್ರೆ ನಿನ್ನ ಓಡಿಸ್ತಾರೆ. ಬೇರೆಯೋರ ಕೈಯಡುಗೆ ತಿಂದು ನಾನೆಷ್ಟು ದಿನ ಬದುಕ್ತೀನಿ?" ಅತ್ತೆ ಕಣ್ಣು ಮುಚ್ಚಿದರು. "ಹೇಳಲ್ಲ. ಆದರೆ ನೆನಪಿರುತ್ತೆ."

ಅವರ ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಇತ್ತು. ನಾಲ್ಕು ತಿಂಗಳಿಂದ ಅತ್ತೆಯ ಜುಟ್ಟು ತನ್ನ ಕೈಯಲ್ಲಿದೆ ಎಂದುಕೊಂಡಿದ್ದಳು ಸೊಸೆ. ಈಗ ತನ್ನದೂ ಅವರ ಕೈ ಸೇರಿತ್ತು. ಇಬ್ಬರೂ ಬಿಡುವ ಜಾತಿಯವರಲ್ಲ. ಅವಳು ಹೊದಿಕೆಯನ್ನು ಎಳೆದು, ಅವರ ಬಾತ ಕಾಲುಗಳನ್ನು ಮುಚ್ಚಿದಳು.